ಹದಿನೇಳನೆಯ ಬೆಂಚು

ಬೆಂಚು ಕೀಳಲು ಕರೆದಿದ್ದಾರೆ ನನ್ನನ್ನು.
ಸೋಮವಾರ ಕುರ್ಚಿ ಬರುತ್ತವಂತೆ, ನೀಲಿ ಮೆತ್ತೆಯವು,
ಒಂದರ ಮೇಲೊಂದು ಪೇರಿಸಿಡುವಂಥವು.
ಮಂಗಳವಾರ ಯೋಗ, ಗುರುವಾರ ಬಡವರಿಗೆ ಸೂಪು,
ನೆಲ ಖಾಲಿ ಬೇಕು ಎಂದರು ಪಾದ್ರಿಯಮ್ಮ.
ತಪ್ಪೇನಿಲ್ಲ. ನನಗೂ ಕೂಲಿ.

ನಾರ್ಫೋಕಿನ ಗಾಳಿ ಬಾಗಿಲ ಸಂದಿಯಲ್ಲಿ ಶಿಳ್ಳೆ ಹಾಕುತ್ತಿದೆ.
ಮಂಡಿಯೂರಿದ್ದೇನೆ,
ಪ್ರಾರ್ಥನೆಗಲ್ಲ, ಸ್ಕ್ರೂ ಬಿಚ್ಚಲು.

ಇಲ್ಲಿ ಮೊದಲು ಯಾರೂ ಕೂರುತ್ತಿರಲಿಲ್ಲ
ಅನ್ನುತ್ತಿದ್ದ ಅಪ್ಪ, ಉಳಿ ಮಸೆಯುತ್ತ.
ಬರೀ ನೆಲ, ನೆಲದ ಮೇಲೆ ಜೊಂಡು,
ಜೊಂಡಿನ ಮೇಲೆ ನಿಂತ ಊರು.
ದೇವರೂ ನಿಂತೇ ಇದ್ದ, ಮೊಳೆಗಳ ಆಧಾರದಲ್ಲಿ.
ಕಾಲು ಸೋತವರಿಗೆ ಮಾತ್ರ
ಗೋಡೆಯುದ್ದಕ್ಕೂ ಒಂದು ಕಲ್ಲಿನ ಜಗಲಿ:
ಮುದುಕರಿಗೆ, ಬಸುರಿಯರಿಗೆ,
ಯುದ್ಧದಿಂದ ಅರ್ಧ ಮರಳಿದವರಿಗೆ.
ಆ ಕಲ್ಲು ಇನ್ನೂ ಇದೆ ಉತ್ತರದ ಗೋಡೆಗೆ.
ಮಧ್ಯಾಹ್ನ ಅಲ್ಲೇ ಕೂತು ಬ್ರೆಡ್ಡು ತಿಂದೆ,
ಬೆನ್ನಿಗೆ ಏರಿತು ಅಷ್ಟೂ ವರ್ಷದ ಚಳಿ.

ಆಮೇಲೆ ಓಕ್ ಬಿತ್ತು, ಬಡಗಿ ಬಂದ.
ಬೆಂಚಿನ ತುದಿಗೆ ಅವನು ಕೆತ್ತಿದ್ದು ಸಂತರನ್ನಲ್ಲ,
ಹೆಬ್ಬಾತಿನ ಕತ್ತು ಕಚ್ಚಿದ ನರಿ,
ಬಾಯಿ ತೆರೆದು ನಿದ್ದೆ ಹೋದ ಹೆಂಗಸು.
ಹೋಗುವವರೆಲ್ಲ ಸವರಿ ಸವರಿ
ಅವಳಿಗೀಗ ಮೂಗಿಲ್ಲ. ನಿದ್ದೆ ಮಾತ್ರ ಇದೆ.

ನಿಂತಾಗ ಎಲ್ಲರ ಕಾಲೂ ಒಂದೇ ನೆಲದ್ದು;
ಕೂತದ್ದೇ ತಡ, ಕುಂಡೆಗೂ ಜಾತಿ ಬಂತು.
ಉಪದೇಶ ಉದ್ದವಾಯಿತು,
ಮರಳಿನ ಗಡಿಯಾರ ಎರಡು ಸಲ ಮಗುಚಿದರೂ ಮುಗಿಯದಷ್ಟು.
ಜಮೀನ್ದಾರ ಲವಿಕ್ ಕಟ್ಟಿಸಿಕೊಂಡ
ಕತ್ತಿನ ಮಟ್ಟಕ್ಕೆ ಮರದ ಕೋಣೆ:
ಬಾಗಿಲು, ಬೀಗ, ಹಸಿರು ಪರದೆ, ಒಳಗೊಂದು ಅಗ್ಗಿಷ್ಟಿಕೆ.
ಬೇಸರವಾದರೆ ಕೆಂಡ ಜೋರಾಗಿ ಕೆದಕುತ್ತಿದ್ದನಂತೆ,
ಪಾದ್ರಿ ಆಮೆನ್ ಅಂದುಬಿಡುತ್ತಿದ್ದನಂತೆ.
ಉಳಿದವರಿಗೆ ನಂಬರು, ವರ್ಷಕ್ಕಿಷ್ಟು ಬಾಡಿಗೆ.
ಗಿರಣಿಯ ಗೂಚನ ಹೆಂಡತಿಯೂ ಚರ್ಮ ಹದಮಾಡುವವನ ಹೆಂಡತಿಯೂ
ಐದನೆಯ ಬೆಂಚಿಗಾಗಿ ಟೋಪಿ ಕಿತ್ತಾಡಿ
ಕೋರ್ಟು ಹತ್ತಿದರು.
ಬಾಡಿಗೆ ಹುಟ್ಟದವರಿಗೆ ನಡುದಾರಿಯಲ್ಲಿ
ಬೆನ್ನಿಲ್ಲದ ಹಲಗೆ,
ಅದರ ಮೇಲೆ ಬಿಳಿ ಬಣ್ಣದಲ್ಲಿ 'ಉಚಿತ'.
ಓದು ಬಾರದವರಿಗೂ ಆ ಒಂದು ಪದ ಬರುತ್ತಿತ್ತು.

ನಮ್ಮಜ್ಜನ ಅಜ್ಜ ಒಡೆದದ್ದು ಆ ಕೋಣೆಗಳನ್ನೆಲ್ಲ.
ಹೊಸ ಪಾದ್ರಿ, ಹೊಸ ಪೈನು, ಎಲ್ಲರಿಗೂ ಒಂದೇ ಅಳತೆ.
ಮೊದಲ ಭಾನುವಾರ ಬಾಗಿಲು ತೆರೆದರೆ
ಊರು ಬಂದು ಹಳೆಯ ಜಾಗಗಳಲ್ಲೇ ಕೂತಿತು,
ಒಬ್ಬರೂ ಒಂದಡಿ ಅತ್ತಿತ್ತ ಆಗದೆ.

ಹದಿನಾರು ಬೆಂಚು ನಾರಿಚ್‌ನ ಪಬ್ಬಿಗೆ ಹೋಗುತ್ತವೆ.
ಹದಿನೇಳನೆಯದು ಹಿಂದಿನದು, ಕಂಬದ ಮರೆಯದು.
ಮಗುಚಿದೆ.
ಸೀಟು ಪೈನಲ್ಲ, ಹಳೆಯ ಹಲಗೆ. ಮರ ಸಾಲದೆ
ತಿರುಗಿಸಿ ಜಡಿದಿದ್ದಾನೆ ಮುದುಕ.
ಅಡಿಯಲ್ಲಿ ಮಾಸಿದ 'ಉಚಿತ'.
ಪಕ್ಕದಲ್ಲಿ ಪಿನ್ನಿನಿಂದ ಗೀಚಿದ ಎರಡಕ್ಷರ, ಎಚ್, ಟಿ,
ಆಮೇಲೆ ನಲವತ್ತೊಂದು ಗೆರೆ.
ಯಾತರ ಲೆಕ್ಕವೋ. ಭಾನುವಾರವೋ, ಸಾಲವೋ,
ಹೊಟ್ಟೆಯೊಳಗಿನ ವಾರಗಳೋ.
ಗೆರೆಗಳ ಮೇಲೊಂದು ಒಣಗಿದ ಚ್ಯೂಯಿಂಗ್ ಗಮ್ಮು.
ನಮ್ಮದೂ ಟಿ, ಥರ್ಕೆಟಲ್.
ಈ ಊರಲ್ಲಿ ಟಿ ಬೇಕಾದಷ್ಟು.

ಪಾದ್ರಿಯಮ್ಮ ಅಂದರು, ಅದು ಮುರುಕಲು, ಒಯ್ಯಿ ಬೇಕಾದರೆ.
ವ್ಯಾನಿನಿಂದ ಇಳಿಸಿದಾಗ ಐವಿ ಅಂದಳು,
ಎಲ್ಲಿಡುತ್ತೀಯ ಇದನ್ನು? ಗೋಡೆಗಿಡು.
ಇಟ್ಟೆ.
ಒಂದು ಕಾಲು ಗಿಡ್ಡ, ಚಕ್ಕೆ ಕೊಟ್ಟೆ.
ಇನ್ನೂ ಕೂತಿಲ್ಲ ಅದರ ಮೇಲೆ.
ಪಕ್ಕದಲ್ಲಿ ನಿಂತೇ ಕುಡಿದೆ ಸಂಜೆಯ ಚಹಾ.